ರಕ್ತದ ರಿಪೋರ್ಟ್‌ನಲ್ಲಿ ಆಯಸ್ಸು ಬರೆದಿರುತ್ತದೆಯೇ?

ಪ್ರಶ್ನೆ: ನಮ್ಮಣ್ಣನಿಗೆ 44 ವರ್ಷ. ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಆಗಿದ್ದಾನೆ. ಆರು ತಿಂಗಳ ಹಿಂದೆ ಎಚ್‌ಐವಿ ಇರುವುದು ಗೊತ್ತಾಯಿತು. ಹಾಸನದಲ್ಲಿ ಅದನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಕುತ್ತಿಗೆಯ ಗಂಟು ತೆಗೆದು ಪರೀಕ್ಷೆಗೆ ಕಳಿಸಿದಾಗ ‘ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ’, ಅಂದರೆ ಒಂದು ಬಗೆಯ ದುಗ್ಧಗ್ರಂಥಿ ಕ್ಯಾನ್ಸರ್ ಅಂತ ಬಂತು. ಮುಂದಿನ ವಾರ ಬೆಂಗಳೂರಿನಲ್ಲಿ ಮೊದಲ ಕೀಮೋ. ಜ್ವರ, ಕೆಮ್ಮು ಇದ್ದಾಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.2, ಬಿಳಿ ಕಣ 6,200, ಅದರಲ್ಲಿ ನ್ಯೂಟ್ರೋಫಿಲ್ ಶೇ 78, ಲಿಂಫೋಸೈಟ್ ಶೇ 12, ಪ್ಲೇಟ್‌ಲೆಟ್ 1.1 ಲಕ್ಷ. ಸಿಡಿ4 140. ನನ್ನ ಮಗ ಮೊಬೈಲ್‌ನಲ್ಲಿ ಓದಿ, ನ್ಯೂಟ್ರೋಫಿಲನ್ನು ಲಿಂಫೋಸೈಟಿನಿಂದ ಭಾಗಿಸಿ ಜಾಸ್ತಿ ಬಂದರೆ ಬದುಕುವುದು ಕಷ್ಟವಂತೆ ಎಂದ. ಅಣ್ಣನದು 6.5 ಬಂತು. ಅವತ್ತಿನಿಂದ ನಿದ್ದೆಯಿಲ್ಲ. ಇದು ನಿಜವಾ?

ಉತ್ತರ: ಲೆಕ್ಕ ಸರಿ. ಅದರಿಂದ ನೀವು ತೆಗೆದ ಅರ್ಥ ಮಾತ್ರ ಸರಿಯಿಲ್ಲ.

ನ್ಯೂಟ್ರೋಫಿಲ್‌ಗಳು ಸೋಂಕಿಗೆ, ಉರಿಯೂತಕ್ಕೆ ಮೊದಲು ಓಡಿ ಬರುವ ಬಿಳಿ ಕಣಗಳು. ಲಿಂಫೋಸೈಟ್‌ಗಳು ವೈರಸ್ಸು, ಕ್ಯಾನ್ಸರ್ ಕಣಗಳನ್ನು ಗುರುತಿಸಿ ಹೊಡೆಯುವಂಥವು. ಮೊದಲನೆಯದು ಏರಿ ಎರಡನೆಯದು ಇಳಿದಿದ್ದರೆ ದೇಹ ಉರಿಯೂತದಲ್ಲಿದೆ, ಕಾವಲು ಸಡಿಲವಾಗಿದೆ ಎಂದು ಊಹಿಸಬಹುದು. ಅದಕ್ಕೇ ಸಂಶೋಧಕರು ಈ ಅನುಪಾತದ ಹಿಂದೆ ಬಿದ್ದಿದ್ದಾರೆ. ಆರೋಗ್ಯವಂತರಲ್ಲಿ ಅದು ಸುಮಾರು 1ರಿಂದ 3. ಆದರೆ ಎಷ್ಟು ದಾಟಿದರೆ ಅಪಾಯ ಎಂಬ ಗೆರೆಯನ್ನು ಒಂದೊಂದು ಅಧ್ಯಯನ ಒಂದೊಂದು ಕಡೆ ಎಳೆದಿದೆ. ನೂರಾರು ರೋಗಿಗಳನ್ನು ಎರಡು ಗುಂಪು ಮಾಡಿ, ಯಾವ ಗುಂಪಿನಲ್ಲಿ ಹೆಚ್ಚು ಜನ ಉಳಿದರು ಅಂತ ನೋಡುವ ಲೆಕ್ಕ ಇದು. ಒಬ್ಬ ಮನುಷ್ಯನ ಜಾತಕ ಅಲ್ಲ.

ಎಚ್‌ಐವಿ ಇರುವವರಲ್ಲಿ ಇದು ಇನ್ನೂ ಗೋಜಲು. ಸಿಡಿ4 ಅಂದರೇ ಒಂದು ಬಗೆಯ ಲಿಂಫೋಸೈಟ್. ವೈರಸ್ಸು ತಿನ್ನುವುದೇ ಅದನ್ನು. ಹಾಗಾಗಿ ಭಾಗಾಕಾರದಲ್ಲಿ ಕೆಳಗಿನ ಸಂಖ್ಯೆ ಲಿಂಫೋಮಾ ಇಲ್ಲದಿದ್ದರೂ ಚಿಕ್ಕದಾಗಿರುತ್ತದೆ. ಅದರ ಮೇಲೆ ನಿಮ್ಮಣ್ಣನಿಗೆ ಅವತ್ತು ಜ್ವರ. ಜ್ವರದಲ್ಲಿ ಮೇಲಿನ ಸಂಖ್ಯೆ ಏರುತ್ತದೆ. 6.5ರಲ್ಲಿ ಗಂಟಿನ ಪಾಲೆಷ್ಟು, ವೈರಸ್ಸಿನ ಪಾಲೆಷ್ಟು, ಕೆಮ್ಮಿನ ಪಾಲೆಷ್ಟು? ಬಿಡಿಸಿ ಹೇಳಲು ಯಾರಿಗೂ ಆಗುವುದಿಲ್ಲ. ತೋಟದ ಭಾಷೆಯಲ್ಲಿ ಹೇಳುವುದಾದರೆ, ಒಂದು ದಿನ ಎಷ್ಟು ಸೆಂಟ್ಸ್ ಮಳೆ ಬಂತು ಅಂತ ನೋಡಿ ಆ ವರ್ಷದ ಫಸಲು ಹೇಳಿದ ಹಾಗೆ. ಕೀಮೋ ಶುರುವಾದ ಮೇಲಂತೂ ಈ ಭಾಗಾಕಾರ ಮಾಡಲೇಬೇಡಿ. ಜೊತೆಗೆ ಕೊಡುವ ಪ್ರೆಡ್ನಿಸೋಲೋನ್ ಮಾತ್ರೆ ಮತ್ತು ಬಿಳಿ ಕಣ ಏರಿಸುವ ಇಂಜೆಕ್ಷನ್ ಎರಡೂ ನ್ಯೂಟ್ರೋಫಿಲ್ ಹೆಚ್ಚಿಸುತ್ತವೆ.

ಹಾಗಾದರೆ ಮುಂದಿನ ದಾರಿ ಅಂದಾಜು ಮಾಡಲು ಏನು ನೋಡುತ್ತಾರೆ? 1993ರಿಂದ ಬಳಕೆಯಲ್ಲಿರುವ ಐಪಿಐ ಎಂಬ ಅಂಕಪಟ್ಟಿ ಇದೆ. ವಯಸ್ಸು 60 ದಾಟಿದೆಯೇ, ರೋಗ ಮೂರನೇ ಅಥವಾ ನಾಲ್ಕನೇ ಹಂತವೇ, ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವ ಏರಿದೆಯೇ, ಓಡಾಡುವ ಶಕ್ತಿ ಎಷ್ಟಿದೆ, ದುಗ್ಧಗ್ರಂಥಿ ಬಿಟ್ಟು ಬೇರೆ ಎಷ್ಟು ಕಡೆ ಹರಡಿದೆ. ವಯಸ್ಸಿನ ಅಂಕ ನಿಮ್ಮಣ್ಣನಿಗೆ ಬೀಳುವುದಿಲ್ಲ. ಎಚ್‌ಐವಿ ಇದ್ದರೆ ಸಿಡಿ4 ಮತ್ತು ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಕೂಡ ನೋಡುತ್ತಾರೆ. ಸಿಡಿ4 100ಕ್ಕಿಂತ ಕೆಳಗಿದ್ದರೆ ಕಷ್ಟ ಜಾಸ್ತಿ. 140 ಕಡಿಮೆಯೇ, ಸುಳ್ಳು ಹೇಳುವುದಿಲ್ಲ. ಆದರೆ ಅದು ಏರಬಲ್ಲ ಸಂಖ್ಯೆ.

1996ರ ಸುಮಾರಿಗೆ ಎಆರ್‌ಟಿ ಔಷಧಿಗಳನ್ನು ಸೇರಿಸಿ ಕೊಡುವುದು ಶುರುವಾಗುವ ಮೊದಲು ಈ ಕಾಯಿಲೆಯಲ್ಲಿ ತಿಂಗಳುಗಳನ್ನು ಎಣಿಸುತ್ತಿದ್ದರು. ಈಗ ಎಆರ್‌ಟಿ ಬಿಡದೆ ಕೀಮೋ ಕೊಟ್ಟರೆ ಎಚ್‌ಐವಿ ಇಲ್ಲದವರ ಹತ್ತಿರ ಹತ್ತಿರ ಫಲ ಸಿಗುತ್ತದೆ. ಈ ಬಗೆಯ ಲಿಂಫೋಮಾ ಎಷ್ಟೋ ಜನರಲ್ಲಿ ಪೂರ್ತಿ ವಾಸಿಯಾಗುತ್ತದೆ. ಹಾಗಾಗಿ ‘ಕೀಮೋ ಮುಗಿಯಲಿ, ಆಮೇಲೆ ಆ ಮಾತ್ರೆ’ ಅಂತ ಯಾರೇ ಹೇಳಿದರೂ ಎಆರ್‌ಟಿ ಸೆಂಟರಿನಲ್ಲಿ ಕೇಳದೆ ನಿಲ್ಲಿಸಬೇಡಿ. ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ ಅಂತಲೂ ಕೇಳಿ. ಎಆರ್‌ಟಿಯಲ್ಲಿ ಈಗ ಸಾಮಾನ್ಯವಾಗಿ ಕೊಡುವ, ಮೂರು ಔಷಧಿ ಸೇರಿದ ಟಿಎಲ್‌ಡಿ ಮಾತ್ರೆಯಲ್ಲಿರುವ ಎರಡು ಔಷಧಿಗಳು ಆ ವೈರಸ್ಸನ್ನೂ ಹಿಡಿದಿಡುತ್ತವೆ. ನಿಲ್ಲಿಸಿದರೆ ಅದು ತಿರುಗಿ ಬೀಳಬಹುದು.

ಪ್ಲೇಟ್‌ಲೆಟ್ 1.1 ಲಕ್ಷ ಇರುವುದನ್ನು ವೈದ್ಯರಿಗೆ ತೋರಿಸಿ. ಎಚ್‌ಐವಿಯಿಂದಲೇ ಇಳಿದಿರಬಹುದು, ಲಿಂಫೋಮಾ ಮೂಳೆ ಮಜ್ಜೆಗೆ ಇಳಿದಿದ್ದರೂ ಹಾಗಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಸಿಬಿಸಿ, ಅಂದರೆ ಈ ರಕ್ತಕಣಗಳ ಎಣಿಕೆ, ವರ್ಷಗಳ ಮಾತು ಹೇಳುವುದಕ್ಕಿಂತ ಈ ವಾರದ ಮಾತು ಚೆನ್ನಾಗಿ ಹೇಳುತ್ತದೆ. ಕೀಮೋ ಆದ ಸುಮಾರು 7ರಿಂದ 14ನೇ ದಿನದೊಳಗೆ ನ್ಯೂಟ್ರೋಫಿಲ್ ತೀರಾ ಇಳಿಯುತ್ತದೆ. ಅದರ ಎಣಿಕೆ (ಶೇಕಡಾ ಲೆಕ್ಕವಲ್ಲ) 500ಕ್ಕಿಂತ ಕೆಳಗಿದ್ದಾಗ ಬರುವ ಜ್ವರ ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು. ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ. 100.4 ಡಿಗ್ರಿ ದಾಟಿದರೆ ಡೋಲೋ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ಬೆಂಗಳೂರಿನ ಬಸ್ಸನ್ನೂ ಕಾಯಬೇಡಿ. ಹಾಸನದ ದೊಡ್ಡಾಸ್ಪತ್ರೆಗೆ ಹೋಗಿ, ಫೈಲ್ ತೋರಿಸಿ, ‘ಇಂಥ ದಿನ ಕೀಮೋ ಆಗಿದೆ’ ಎಂದು ಮೊದಲ ಮಾತಿನಲ್ಲೇ ಹೇಳಿ. ಫೈಲಿನಲ್ಲಿ ಎಚ್‌ಐವಿ ಅಂತ ಇದೆಯಲ್ಲ ಅಂತ ಹಿಂಜರಿಯಬೇಡಿ. ಆ ವಿಷಯವನ್ನು ಹೊರಗೆ ಹೇಳುವಂತಿಲ್ಲ, ಅದಕ್ಕೆ 2017ರ ಕಾಯ್ದೆಯೇ ಇದೆ. ಏನಾದರೂ ಕೇಳಬೇಕಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಅದು ಉಚಿತ.

ಪ್ರಶ್ನೆ: ಅದೇ ಅಣ್ಣನಿಗೆ ರಕ್ತ ಕಡಿಮೆ ಅಂತ ಅತ್ತಿಗೆ ಕಬ್ಬಿಣದ ಮಾತ್ರೆ, ಪಪ್ಪಾಯಿ ಎಲೆ ರಸ ಕೊಡುತ್ತಿದ್ದಾರೆ. ಕೊಡಬಹುದಾ?

ಉತ್ತರ: ಎಲೆ ರಸ ನಿಲ್ಲಿಸಿ. ಡೆಂಗಿ ಬಂದಾಗ ಕೇಳಿದ ಮಾತು ಅದು, ಇಲ್ಲಿ ಪ್ಲೇಟ್‌ಲೆಟ್ ಇಳಿದ ಕಾರಣವೇ ಬೇರೆ. ಕಬ್ಬಿಣದ ಮಾತ್ರೆಯಲ್ಲಿ ಒಂದು ತೊಡಕಿದೆ. ಖಾಲಿ ಹೊಟ್ಟೆಯಲ್ಲಿ ಎರಡನ್ನೂ ಒಟ್ಟಿಗೆ ನುಂಗಿದರೆ ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಕ್ಯಾಲ್ಸಿಯಂ ಮಾತ್ರೆಗೂ ಇದೇ ಮಾತು. ಊಟದ ಜೊತೆ ಎರಡನ್ನೂ ಕೊಡಬಹುದು. ಇಲ್ಲವಾದರೆ ಎಆರ್‌ಟಿ ಮಾತ್ರೆ ಮೊದಲು, ಎರಡು ಗಂಟೆ ಬಿಟ್ಟು ಕಬ್ಬಿಣದ್ದು. ಅದಕ್ಕೂ ಮುಂಚೆ ಕಬ್ಬಿಣ ನಿಜವಾಗಿ ಕಡಿಮೆಯಿದೆಯೇ ಅಂತ ಫೆರಿಟಿನ್ ಮತ್ತಿತರ ಪರೀಕ್ಷೆ ಮಾಡಿಸಲು ವೈದ್ಯರನ್ನು ಕೇಳಿ. ಇಂಥ ಕಾಯಿಲೆಯಲ್ಲಿ ಕಬ್ಬಿಣ ಸಾಕಷ್ಟಿದ್ದೂ ಹಿಮೋಗ್ಲೋಬಿನ್ ಇಳಿಯುವುದುಂಟು. ಎಆರ್‌ಟಿ ಮಾತ್ರೆಯ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ. ಅದರಲ್ಲಿ ಜಿಡೊವುಡಿನ್ ಎಂಬ ಔಷಧಿ ಇದ್ದರೆ ರಕ್ತ ಇಳಿಯಲು ಅದೇ ಕಾರಣವಾಗಿರಬಹುದು, ಕೀಮೋಗೆ ಮುಂಚೆ ಅದನ್ನು ಬದಲಿಸಿಕೊಡುತ್ತಾರೆ.