ಎರಡು ಕಾರ್ಡ್‌ಲೆಸ್ ಮೈಕ್ ಒಟ್ಟಿಗೆ ಆನ್ ಮಾಡಿದರೆ ತೊಂದರೆ, ಏನು ಮಾಡಬೇಕು?

ನಿಮ್ಮ ಪ್ರಶ್ನೆ ಓದಿದೆ. ಕಾಸರಗೋಡಿನ ಮುಳ್ಳೇರಿಯ ಕಡೆಯ ನಿಮ್ಮ ವಾಚನಾಲಯಕ್ಕೆ ಎರಡು ಕೈಮೈಕ್, ಅವುಗಳ ಸಿಗ್ನಲ್ ಹಿಡಿಯುವ ಒಂದು ರಿಸೀವರ್ ಇರುವ ಕಾರ್ಡ್‌ಲೆಸ್ ಸೆಟ್ ತಂದಿದ್ದೀರಿ. ಒಂದೇ ಮೈಕ್ ಹಾಕಿದರೆ ಚೆನ್ನಾಗಿ ಕೇಳುತ್ತದೆ. ಎರಡೂ ಹಾಕಿದರೆ ಒಂದೋ ಕೂಗುತ್ತದೆ, ಇಲ್ಲ ಮಾತು ಕಡಿದು ಕಡಿದು ಬರುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಅಲ್ಲೇ ತಾಳಮದ್ದಳೆ (ಕೂತು ನಡೆಸುವ ಯಕ್ಷಗಾನ) ಇಟ್ಟುಕೊಂಡಿದ್ದೀರಿ, ಅದರೊಳಗೆ ಸರಿಯಾಗಬೇಕು. ಇನ್ನೊಂದು ಸೆಟ್ ತರಬೇಕಾ ಅಂತಲೂ ಕೇಳಿದ್ದೀರಿ.

ನಾನು ಬದಿಯಡ್ಕದ ಹತ್ತಿರದವನು. ಶಾಲೆಯ ವಾರ್ಷಿಕೋತ್ಸವ, ಪುಸ್ತಕ ಬಿಡುಗಡೆ, ತಾಳಮದ್ದಳೆ ಅಂತ ನಮ್ಮ ಊರಿನ ಕಾರ್ಯಕ್ರಮಗಳಲ್ಲಿ ಹದಿನೈದು ವರ್ಷದಿಂದ ಮೈಕ್‌ನ ಕೆಲಸ ನೋಡಿಕೊಳ್ಳುತ್ತಿದ್ದೇನೆ. ನೀವು ಹೇಳಿದ ಎರಡೂ ತೊಂದರೆಯನ್ನು ಬೇಕಾದಷ್ಟು ಸಲ ಕಂಡಿದ್ದೇನೆ.

ಕೂಗುವುದು ಬೇರೆ, ಕಡಿಯುವುದು ಬೇರೆ. ಎರಡಕ್ಕೂ ಮದ್ದು ಬೇರೆ ಬೇರೆ. ಹಾಗಾಗಿ ಮೊದಲು ಇದೊಂದು ಪರೀಕ್ಷೆ ಮಾಡಿ. ಆಂಪ್ಲಿಫೈಯರ್‌ನ ಮಾಸ್ಟರ್ ವಾಲ್ಯೂಮ್ ಪೂರ್ತಿ ಇಳಿಸಿ, ಸ್ಪೀಕರ್ ಬಾಕ್ಸ್‌ನಲ್ಲಿ ಏನೂ ಕೇಳಬಾರದು. ಮಿಕ್ಸರ್‌ಗೆ ಹೆಡ್‌ಫೋನ್ ಚುಚ್ಚಿ. ಎರಡೂ ಮೈಕ್ ಆನ್ ಮಾಡಿ, ಇಬ್ಬರು ಮಾತಾಡಲಿ. ಈಗಲೂ ಕರಕರ ಬಂದರೆ, ಮಾತು ಕಡಿದರೆ ತೊಂದರೆ ಗಾಳಿಯಲ್ಲಿ ಉಂಟು, ಅಂದರೆ ರೇಡಿಯೊ ಸಿಗ್ನಲ್‌ನಲ್ಲಿ. ಹೆಡ್‌ಫೋನ್‌ನಲ್ಲಿ ಸ್ವಚ್ಛವಾಗಿ ಕೇಳಿ, ಬಾಕ್ಸ್ ಏರಿಸಿದಾಗ ಮಾತ್ರ ಕೂಗಿದರೆ ಅದು ಬಾಕ್ಸ್‌ನ ಶಬ್ದ ಮೈಕ್‌ಗೆ ವಾಪಸ್ ಹೋಗುವ ತೊಂದರೆ. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ಸುಮ್ನೆ ಎಲ್ಲ ನಾಬ್ ತಿರುಗಿಸಿದರೆ ಇಡೀ ಸಂಜೆ ಹೋಗುತ್ತದೆ.

ಮೊದಲು ಗಾಳಿಯ ವಿಷಯ ಹೇಳುತ್ತೇನೆ.

ಎರಡು ಮೈಕ್ ಒಂದೇ ಫ್ರೀಕ್ವೆನ್ಸಿಯಲ್ಲಿ ಇರಲೇಬಾರದು. ಕೇಳಲಿಕ್ಕೆ ಸಣ್ಣ ಮಾತು, ಆದರೆ ನಿಮ್ಮಲ್ಲಿ ಆಗಿರುವುದು ಇದೇ ಇರಬಹುದು. ಫ್ರೀಕ್ವೆನ್ಸಿ ಬದಲಿಸಬಹುದಾದ ಸೆಟ್‌ಗಳಲ್ಲಿ ಮೈಕನ್ನು ರಿಸೀವರ್‌ನ ಎದುರು ಹಿಡಿದು ಸಿಂಕ್ ಬಟನ್ ಒತ್ತುತ್ತೇವೆ ಅಲ್ವಾ, ಆಗ ಎರಡು ಮೈಕನ್ನೂ ಅಕ್ಕಪಕ್ಕ ಆನ್ ಮಾಡಿ ಇಟ್ಟುಕೊಂಡಿದ್ದರೆ ಎರಡೂ ಒಂದೇ ನಂಬರ್ ಹಿಡಿದುಬಿಡುವುದುಂಟು. ಒಂದೊಂದೇ ಹಾಕಿದರೆ ಸರಿ, ಎರಡೂ ಹಾಕಿದರೆ ಜಗಳ. ಆದ್ದರಿಂದ ಒಂದನ್ನು ಪೂರ್ತಿ ಆಫ್ ಮಾಡಿ, ಇನ್ನೊಂದನ್ನು ಸಿಂಕ್ ಮಾಡಿ. ಆಮೇಲೆ ಅದನ್ನು ಆಫ್ ಮಾಡಿ, ಎರಡನೆಯದು. ಮೈಕ್‌ನ ಪರದೆಯಲ್ಲಿ ಕಾಣುವ ನಂಬರ್ ರಿಸೀವರ್‌ನ ಅದೇ ಬದಿಯ ನಂಬರ್‌ಗೆ ಸರಿಹೊಂದುತ್ತದಾ ನೋಡಿ. ಫ್ರೀಕ್ವೆನ್ಸಿ ಬದಲಿಸಲು ಆಗದ ಸೆಟ್ ಆದರೆ ಯಾವ ಮೈಕ್ ಯಾವ ಚಾನೆಲ್‌ನದು ಅಂತ ಕಂಪನಿಯವರೇ ಗುರುತು ಹಾಕಿರುತ್ತಾರೆ. ಅಂಥ ಒಂದೇ ಮಾಡೆಲ್‌ನ ಇನ್ನೊಂದು ಸೆಟ್ ತಂದರೆ ಅದೇ ಫ್ರೀಕ್ವೆನ್ಸಿ ಬರುವ ಸಾಧ್ಯತೆ ಉಂಟು. ಆಗ ಎರಡು ಸೆಟ್ ಒಂದೇ ಹಾಲ್‌ನಲ್ಲಿ ನಡೆಯುವುದಿಲ್ಲ. ಖರೀದಿಗೆ ಮೊದಲು ಇದು ತಲೆಯಲ್ಲಿರಲಿ.

ಮೂರನೇ ಮೈಕ್ ಬಂದರೆ ಇನ್ನೊಂದು ಲೆಕ್ಕ ಶುರುವಾಗುತ್ತದೆ. ಒಂದು ಮೈಕ್ 520 ಮೆಗಾಹರ್ಟ್ಸ್, ಇನ್ನೊಂದು 521 ಅಂತ ಇಟ್ಟುಕೊಳ್ಳಿ. ಇವೆರಡು ಸೇರಿ 519ರಲ್ಲೂ 522ರಲ್ಲೂ ಸುಳ್ಳು ಸಿಗ್ನಲ್ ಹುಟ್ಟಿಸಬಲ್ಲವು. ಒಂದನ್ನು ಎರಡರಿಂದ ಗುಣಿಸಿ ಇನ್ನೊಂದನ್ನು ಕಳೆಯಿರಿ, ಅದೇ ಲೆಕ್ಕ. ಎರಡೇ ಮೈಕ್ ಇದ್ದಾಗ ಇದರಿಂದ ತೊಂದರೆ ಇಲ್ಲ, ಯಾಕೆಂದರೆ ಆ ಸುಳ್ಳು ಸಿಗ್ನಲ್ ಎರಡರ ಮೇಲೂ ಬೀಳುವುದಿಲ್ಲ. ಬಾಡಿಗೆಗೆ ತಂದ ಮೂರನೆಯದು 522ರಲ್ಲಿದ್ದರೆ ನೇರ ಅದರ ತಲೆಗೇ ಬೀಳುತ್ತದೆ. ಹೀಗಾಗಿ ಸಮ ಅಂತರದಲ್ಲಿ ಮೂರು ನಂಬರ್ ಇಡಬೇಡಿ. ಸೆಟ್‌ನಲ್ಲಿ ಗ್ರೂಪ್ ಅಥವಾ ಬ್ಯಾಂಕ್ ಅಂತ ಇದ್ದರೆ, ಎಲ್ಲ ಚಾನೆಲನ್ನೂ ಒಂದೇ ಗ್ರೂಪ್‌ನಿಂದ ಆರಿಸಿ. ಈ ಲೆಕ್ಕವನ್ನು ಅವರು ಮೊದಲೇ ಮಾಡಿ ಇಟ್ಟಿರುತ್ತಾರೆ.

ಇನ್ನೊಂದು ಪರೀಕ್ಷೆ. ನಿಮ್ಮ ಎರಡೂ ಮೈಕ್ ಆಫ್ ಮಾಡಿ, ರಿಸೀವರ್ ಮಾತ್ರ ಆನ್ ಇಡಿ. ಸಿಗ್ನಲ್ ದೀಪ ಆಗಲೂ ಉರಿದರೆ ಆ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾವುದೋ ಸಿಗ್ನಲ್ ಬರುತ್ತಿದೆ ಅಂತ ಅರ್ಥ. ಒಂದು ಸಲ ನಮ್ಮ ಪುಸ್ತಕ ಬಿಡುಗಡೆಯ ನಡುವೆ ಪಕ್ಕದ ಮದುವೆ ಹಾಲ್‌ನಲ್ಲಿ ಮಾತಾಡುತ್ತಿದ್ದವರ ಸ್ವರ ನಮ್ಮ ಬಾಕ್ಸ್‌ನಲ್ಲಿ ಬಂತು. ವೇದಿಕೆಯಲ್ಲಿದ್ದ ಹಿರಿಯರು ಮಾತು ನಿಲ್ಲಿಸಿ ಕುಳಿತುಬಿಟ್ಟರು. ಅವತ್ತಿನಿಂದ ಈ ಪರೀಕ್ಷೆಯನ್ನು ನಾನು ಒಂದು ಸಲವೂ ಬಿಟ್ಟಿಲ್ಲ.

ಈಗ ರಿಸೀವರ್ ಎಲ್ಲಿಡಬೇಕು ಅನ್ನುವುದು. ಹೆಚ್ಚಿನವರು ಹಾಲ್‌ನ ಹಿಂದೆ ಮಿಕ್ಸರ್‌ನ ಪಕ್ಕ, ಆಂಪ್ಲಿಫೈಯರ್‌ನ ಮೇಲೆ ಇಡುತ್ತಾರೆ. ಜನ ಬಂದು ತುಂಬಿದ ಮೇಲೆ ಮಾತು ಕಡಿಯಲು ಶುರುವಾಗುತ್ತದೆ. ಖಾಲಿ ಹಾಲ್‌ನಲ್ಲಿ ಸರಿ ಇತ್ತಲ್ಲ ಅಂತ ತಲೆಕೆಡಿಸಿಕೊಳ್ಳುತ್ತಾರೆ. ಮನುಷ್ಯರ ಮೈಯಲ್ಲಿ ನೀರೇ ಜಾಸ್ತಿ, ಅದು ರೇಡಿಯೊ ತರಂಗವನ್ನು ಹೀರಿಕೊಳ್ಳುತ್ತದೆ. ಇನ್ನೂರು ಜನರ ತಲೆಯ ನಡುವಿನಿಂದ ಸಿಗ್ನಲ್ ಬರಬೇಕಾದರೆ ಕಷ್ಟವೇ. ರಿಸೀವರನ್ನು ವೇದಿಕೆಯ ಬದಿಗೆ ತನ್ನಿ. ಸ್ಟೂಲ್ ಮೇಲೆ, ಎದೆಯ ಎತ್ತರಕ್ಕಿಂತ ಮೇಲಿರಲಿ. ಮೈಕ್‌ನಿಂದ ಎರಡು ಮೂರು ಮೀಟರ್ ದೂರ ಇರಲಿ, ತೀರಾ ಹತ್ತಿರ ಬೇಡ. ಅಲ್ಲಿಂದ ಮಿಕ್ಸರ್‌ಗೆ ಎಕ್ಸ್‌ಎಲ್‌ಆರ್ ವಯರ್ (ಮೂರು ಪಿನ್‌ನ ಮೈಕ್ ವಯರ್) ಎಳೆಯಿರಿ. ಒಳ್ಳೆಯ ವಯರ್‌ನಲ್ಲಿ ಇಪ್ಪತ್ತು ಮೀಟರ್ ಹೋದರೂ ಸಿಗ್ನಲ್ ಹಾಳಾಗುವುದಿಲ್ಲ. ವಯರ್ ಉದ್ದ ಇರಲಿ, ಗಾಳಿಯ ದಾರಿ ಗಿಡ್ಡ ಇರಲಿ. ವೈಫೈ ರೂಟರ್, ಎಲ್‌ಇಡಿ ಪರದೆ, ಸ್ಟೀಲ್ ಕಪಾಟು ಇವುಗಳಿಂದ ದೂರ ಇಡಿ.

ಎರಡು ಆಂಟೆನಾ ಉಂಟಲ್ಲ, ಅವನ್ನು ಇಂಗ್ಲಿಷಿನ ವಿ ಅಕ್ಷರದ ಹಾಗೆ ಅಗಲಿಸಿ ನಿಲ್ಲಿಸಿ. ಕಡಿಮೆ ಬೆಲೆಯ ಎಷ್ಟೋ ಸೆಟ್‌ಗಳಲ್ಲಿ ಎರಡು ಆಂಟೆನಾ ಇದ್ದರೂ ಒಂದೊಂದು ಮೈಕ್‌ಗೆ ಒಂದೊಂದೇ. ಒಳ್ಳೆಯ ಸೆಟ್‌ನಲ್ಲಿ ಪ್ರತಿ ಮೈಕ್‌ನ ಸಿಗ್ನಲನ್ನೂ ಎರಡು ಆಂಟೆನಾ ಹಿಡಿಯುತ್ತವೆ, ಯಾವುದು ಗಟ್ಟಿ ಇದೆಯೋ ಅದನ್ನು ರಿಸೀವರ್ ತಾನೇ ಆರಿಸಿಕೊಳ್ಳುತ್ತದೆ. ಇದಕ್ಕೆ ಡೈವರ್ಸಿಟಿ ಅನ್ನುತ್ತಾರೆ. ಶೀಟ್ ಮಾಡಿನ ಹಾಲ್‌ನಲ್ಲಿ ಇದು ತುಂಬ ಉಪಯೋಗ. ತರಂಗ ಶೀಟ್‌ಗೆ ಬಡಿದು ತಿರುಗಿ ಬಂದು, ನೇರ ಬಂದದ್ದನ್ನು ಕೆಲವು ಜಾಗದಲ್ಲಿ ಕೊಂದುಹಾಕುತ್ತದೆ. 600 ಮೆಗಾಹರ್ಟ್ಸ್‌ನ ತರಂಗದ ಉದ್ದ ಅರ್ಧ ಮೀಟರ್. ಆದ್ದರಿಂದ ಒಂದು ಗೇಣು ಆಚೆ ಸರಿದರೂ ಸತ್ತ ಮೈಕ್‌ಗೆ ಜೀವ ಬರುತ್ತದೆ. ನಿಮ್ಮದು ಡೈವರ್ಸಿಟಿ ಇಲ್ಲದ ಸೆಟ್ ಆದರೆ ರಿಸೀವರನ್ನು ಸ್ವಲ್ಪ ಸ್ವಲ್ಪ ಸರಿಸಿ ನೋಡಿ, ಒಳ್ಳೆಯ ಜಾಗ ಸಿಗುತ್ತದೆ. ಮೈಕ್ ಹಿಡಿಯುವವರಿಗೆ ಒಂದು ಮಾತು ಹೇಳಿ: ಕೆಳಗಿನ ತುದಿಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ. ಆಂಟೆನಾ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಇನ್ನು ಹಿಂಬದಿಯ ವಯರ್. ಹೆಚ್ಚಿನ ಡ್ಯುಯಲ್ ರಿಸೀವರ್‌ಗಳಲ್ಲಿ ಎರಡು ಎಕ್ಸ್‌ಎಲ್‌ಆರ್ ಮತ್ತು ಒಂದು ಪಿ-38 (ಕಾಲು ಇಂಚಿನ ಜ್ಯಾಕ್) ಇರುತ್ತದೆ. ಪಿ-38ರಲ್ಲಿ ಎರಡೂ ಮೈಕ್ ಬೆರೆತು ಒಂದೇ ವಯರ್‌ನಲ್ಲಿ ಬರುತ್ತವೆ. ಸೆಟ್‌ನ ಜೊತೆ ಬರುವುದು ಅದೇ ವಯರ್ ಆದ್ದರಿಂದ ಎಲ್ಲರೂ ಅದನ್ನೇ ಹಾಕುತ್ತಾರೆ. ನಾನೂ ಮೊದಮೊದಲು ಹಾಗೇ ಮಾಡುತ್ತಿದ್ದೆ. ಒಂದು ಶಾಲೆಯ ಕಾರ್ಯಕ್ರಮದಲ್ಲಿ ಕನ್ನಡ ನಿರೂಪಣೆ ಒಬ್ಬ ಹುಡುಗಿ, ಮಲಯಾಳ ನಿರೂಪಣೆ ಇನ್ನೊಬ್ಬಳು. ಒಬ್ಬಳದು ಮೆಲು ಸ್ವರ, ಇನ್ನೊಬ್ಬಳದು ಕಂಚಿನ ಕಂಠ. ಮಿಕ್ಸರ್‌ನಲ್ಲಿ ಒಂದೇ ಚಾನೆಲ್. ಕನ್ನಡದ ಹುಡುಗಿಗಾಗಿ ಏರಿಸಿದರೆ ಇನ್ನೊಬ್ಬಳ ಮಾತಿಗೆ ಕಿವಿ ಮುಚ್ಚಬೇಕು. ಪಾಪ, ತಿಂಗಳು ಕಷ್ಟಪಟ್ಟು ಕಲಿತ ಮಗುವಿನ ಮಾತು ಅವತ್ತು ಹಿಂದಿನ ಸಾಲಿನವರಿಗೆ ಕೇಳಲೇ ಇಲ್ಲ. ಅದು ಈಗಲೂ ನನಗೆ ಬೇಸರ.

ಹಾಗಾಗಿ ಎರಡು ಎಕ್ಸ್‌ಎಲ್‌ಆರ್ ವಯರ್ ಹಾಕಿ, ಮಿಕ್ಸರ್‌ನ ಎರಡು ಚಾನೆಲ್‌ಗೆ ಬೇರೆ ಬೇರೆ ಕೊಡಿ. ಒಂದು ಮೈಕ್‌ಗೆ ಕೆಂಪು ಟೇಪ್, ಇನ್ನೊಂದಕ್ಕೆ ಹಳದಿ ಟೇಪ್ ಸುತ್ತಿ. ಅದೇ ಬಣ್ಣವನ್ನು ರಿಸೀವರ್‌ನ ನಾಬ್‌ಗೆ, ವಯರ್‌ನ ಎರಡು ತುದಿಗೆ, ಮಿಕ್ಸರ್‌ನ ಚಾನೆಲ್‌ಗೆ ಅಂಟಿಸಿ. ಬಾಯಿಯಿಂದ ಮಿಕ್ಸರ್‌ವರೆಗೆ ಎರಡಕ್ಕೂ ಬೇರೆ ಬೇರೆ ದಾರಿ, ಎಲ್ಲೂ ಬೆರೆಯಬಾರದು. ನಿಮ್ಮ ರಿಸೀವರ್‌ನಲ್ಲಿ ಪಿ-38 ಮಾತ್ರ ಇದ್ದರೆ ಅದರ ಎರಡು ವಾಲ್ಯೂಮ್ ನಾಬ್‌ಗಳೇ ನಿಮಗೆ ಗತಿ, ಒಬ್ಬರು ಅದರ ಬುಡದಲ್ಲೇ ಕೂರಬೇಕು.

ಲೆವೆಲ್ ಇಡುವಾಗ ರಿಸೀವರ್‌ನ ಎರಡು ನಾಬ್‌ಗಳನ್ನೂ ಮುಕ್ಕಾಲಿಗೆ ಇಟ್ಟು ಬಿಟ್ಟುಬಿಡಿ. ಏರಿಸುವುದು ಇಳಿಸುವುದು ಮಿಕ್ಸರ್‌ನಲ್ಲಿ. ಅರ್ಥಧಾರಿಗಳು, ಅಂದರೆ ಪಾತ್ರದ ಮಾತಾಡುವವರು, ಶುರುವಿಗೆ ಮೆಲ್ಲ ಮಾತಾಡುತ್ತಾರೆ, ಅದನ್ನು ನೋಡಿ ಮಿಕ್ಸರ್‌ನ ಗೇನ್ ನಾಬ್ ಇಟ್ಟರೆ ಕೌರವನಿಗೆ ಸಿಟ್ಟು ಬಂದಾಗ ಸ್ವರ ಒಡೆಯುತ್ತದೆ. ಪರೀಕ್ಷೆಯ ಹೊತ್ತಿಗೆ ಹಲೋ ಹಲೋ ಸಾಲದು. ಸಿಟ್ಟಿನ ನಾಲ್ಕು ಮಾತು ಗಟ್ಟಿಯಾಗಿ ಆಡಿ ಅಂತ ಕೇಳಿಕೊಳ್ಳಿ. ಕೆಂಪು ದೀಪ ಆಗಲೂ ಉರಿಯಬಾರದು.

ಈಗ ಕೂಗುವ ವಿಷಯ. ಎರಡು ಮೈಕ್ ಒಂದೇ ಮಟ್ಟದಲ್ಲಿ ತೆರೆದಿದ್ದರೆ, ಒಂದೇ ಇದ್ದಾಗ ಸಿಗುತ್ತಿದ್ದದ್ದಕ್ಕಿಂತ 3 ಡೆಸಿಬೆಲ್‌ನಷ್ಟು ಕಡಿಮೆಯಲ್ಲೇ ಕೂಗಲು ಶುರುವಾಗುತ್ತದೆ. ಅದೇ ಬಾಯಿಗೂ ಮೈಕ್‌ಗೂ ಇರುವ ಅಂತರ ಅರ್ಧ ಮಾಡಿದರೆ ಮೈಕ್‌ಗೆ ಸುಮಾರು 6 ಡೆಸಿಬೆಲ್ ಜಾಸ್ತಿ ಸ್ವರ ಸಿಗುತ್ತದೆ. ಎರಡನೇ ಮೈಕ್‌ನಿಂದ ಕಳೆದುಕೊಂಡದ್ದರ ಎರಡರಷ್ಟು! ನಾಲ್ಕು ಬೆರಳಿನ ದೂರದಲ್ಲಿ ಹಿಡಿದು ಮಾತಾಡಿ ಅನ್ನುವುದು ಇದಕ್ಕೇ. ಆಟಿ ತಿಂಗಳ ಮಳೆ ಶೀಟ್ ಮೇಲೆ ಬಿದ್ದಾಗ ಏನೂ ಕೇಳುವುದಿಲ್ಲ ಅಂತ ವಾಲ್ಯೂಮ್ ಏರಿಸುತ್ತೇವೆ, ಕೂಗುತ್ತದೆ, ಇಳಿಸುತ್ತೇವೆ. ಆಗ ನಾಬ್ ಮುಟ್ಟದೆ ಮೈಕನ್ನು ಬಾಯಿಯ ಹತ್ತಿರ ತರಲು ಸನ್ನೆ ಮಾಡಿ. ಬಾಕ್ಸ್‌ಗಳು ಯಾವಾಗಲೂ ಮೈಕ್‌ಗಿಂತ ಮುಂದೆ, ಜನರ ಕಡೆ ಮುಖ ಮಾಡಿ ಇರಬೇಕು.

ತಾಳಮದ್ದಳೆಗೆ ನಾನು ಹೀಗೆ ಹಂಚುತ್ತೇನೆ. ಪದ್ಯ ಹಾಡುವ ಭಾಗವತರಿಗೆ ಕಾರ್ಡ್‌ಲೆಸ್ ಬೇಡ. ಅವರ ಕೈಯಲ್ಲಿ ತಾಳ ಇರುತ್ತದೆ, ಅವರು ಕುಳಿತ ಜಾಗದಿಂದ ಏಳುವುದಿಲ್ಲ. ವಯರ್ ಇರುವ ಒಳ್ಳೆಯ ಮೈಕ್, ಒಂದು ಸ್ಟ್ಯಾಂಡ್ ಕೊಡಿ. ಮೈಕ್‌ನ ಹಿಂಭಾಗ ಚೆಂಡೆಯ ಕಡೆ ಇರುವ ಹಾಗೆ ತಿರುಗಿಸಿ, ಹಿಂದಿನಿಂದ ಬರುವ ಶಬ್ದವನ್ನು ಈ ಮೈಕ್‌ಗಳು ಕಡಿಮೆ ಹಿಡಿಯುತ್ತವೆ. ಎರಡು ಕಾರ್ಡ್‌ಲೆಸ್‌ನಲ್ಲಿ ಒಂದು ಈ ಬದಿಯ ಅರ್ಥಧಾರಿಗಳಿಗೆ, ಒಂದು ಇದಿರಿನವರಿಗೆ. ಒಬ್ಬರ ಅರ್ಥ ಮುಗಿದರೆ ಪಕ್ಕದವರಿಗೆ ದಾಟಿಸಲಿ. ದಾಟಿಸುವಾಗ ಮೈಕ್‌ನ ಸ್ವಿಚ್ ಮುಟ್ಟಬಾರದು, ಬಾಕ್ಸ್‌ನಲ್ಲಿ ಟಪ್ ಅಂತ ಸದ್ದು ಬರುತ್ತದೆ. ಕೆಳಗಿಡುವುದಾದರೆ ಮಡಚಿದ ಬೈರಾಸಿನ (ಟವೆಲ್‌ನ) ಮೇಲೆ ಇಡಲಿ.

ಮಿಕ್ಸರ್‌ನಲ್ಲಿ ಕೂತವರು ಪ್ರಸಂಗ ಕೇಳುತ್ತಿರಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಪದ್ಯ ನಡೆಯುವಾಗ ಎರಡೂ ಕಾರ್ಡ್‌ಲೆಸ್ ಇಳಿಸಿ. ಒಬ್ಬರು ಅರ್ಥ ಹೇಳುವಾಗ ಇನ್ನೊಂದನ್ನು ಪೂರ್ತಿ ಮುಚ್ಚದೆ ಸ್ವಲ್ಪ ಇಳಿಸಿಡಿ. ಸಂವಾದ ಬಿಸಿಯೇರಿದಾಗ ಇದಿರಿನವರು ಯಾವ ಕ್ಷಣದಲ್ಲಿ ನಡುವೆ ಬಾಯಿ ಹಾಕುತ್ತಾರೆ ಅಂತ ಹೇಳಲಿಕ್ಕಾಗದು. ಆ ಒಂದು ಮಾತಿಗಾಗಿಯೇ ಜನ ಕಾದಿರುತ್ತಾರೆ, ಮೊದಲ ಎರಡು ಶಬ್ದ ನುಂಗಿಹೋದರೆ ರುಚಿಯೇ ಹೋಯಿತು ಮಾರಾಯ್ರೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಇರುವುದೆಲ್ಲ ಹಾಡು ಮತ್ತು ಮಾತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮಲ್ಲಿ ಮೂರು ನಾಲ್ಕು ಗಂಟೆ ಕೂತು ಒಳ್ಳೆಯ ಕನ್ನಡ ಕೇಳಲು ಸಿಗುವ ಜಾಗಗಳಲ್ಲಿ ಇದೂ ಒಂದಾಗಿ ಉಳಿದಿದೆ. ಕಿವಿ ಮಂದವಾದ ಅಜ್ಜಂದಿರು ಮಳೆಯಲ್ಲಿ ಬಸ್ ಹತ್ತಿ ಬರುತ್ತಾರೆ. ಅವರಿಗೆ ಪ್ರತಿ ಮಾತೂ ಕೇಳಬೇಕು ಅಂತ ನನಗೆ ಆಸೆ.

ಸೆಲ್ ವಿಷಯದಲ್ಲಿ ಉಳಿತಾಯ ಬೇಡ. ಕಾರ್ಯಕ್ರಮಕ್ಕೆ ಮೊದಲು ಹೊಸ ಆಲ್ಕಲೈನ್ ಪೆನ್ಸಿಲ್ ಸೆಲ್ ಹಾಕಿ, ಇನ್ನೊಂದು ಜೊತೆ ಕಿಸೆಯಲ್ಲಿರಲಿ. ಚಾರ್ಜ್ ಮಾಡುವ ಸೆಲ್ 1.2 ವೋಲ್ಟ್‌ನದು, ಸಾಮಾನ್ಯ ಸೆಲ್ 1.5. ಆದ್ದರಿಂದ ಫುಲ್ ಚಾರ್ಜ್ ಇದ್ದರೂ ಕೆಲವು ಮೈಕ್‌ಗಳು ಕಡಿಮೆ ತೋರಿಸುತ್ತವೆ, ಗಾಬರಿ ಬೇಡ. ಮುಗಿದ ಮೇಲೆ ಸೆಲ್ ತೆಗೆದಿಡಿ. ನಮ್ಮ ಮಳೆಗಾಲದ ಥಂಡಿಯಲ್ಲಿ ಒಳಗೇ ಸೋರಿ ಸ್ಪ್ರಿಂಗ್ ತುಕ್ಕು ಹಿಡಿದ ಎರಡು ಮೈಕ್ ನನ್ನಲ್ಲೇ ಉಂಟು.

ಇನ್ನೊಂದು ಸೆಟ್ ಈಗ ತರಬೇಡಿ. ಆ ಹಣದಲ್ಲಿ ಭಾಗವತರಿಗೆ ಒಂದು ವಯರ್ ಮೈಕ್, ಸ್ಟ್ಯಾಂಡ್, ಮತ್ತೆ ಎರಡು ಉದ್ದದ ಎಕ್ಸ್‌ಎಲ್‌ಆರ್ ವಯರ್ ತನ್ನಿ. ಹೆಡ್‌ಫೋನ್ ಪರೀಕ್ಷೆ ಮಾಡಿ ಏನು ಕೇಳಿಸಿತು ಅಂತ ಇಲ್ಲೇ ಬರೆಯಿರಿ. ರಿಸೀವರ್‌ನ ಹಿಂಬದಿಯ ಒಂದು ಫೋಟೊ ಹಾಕಿದರೆ ಯಾವ ವಯರ್ ಎಲ್ಲಿಗೆ ಅಂತ ನೋಡಿ ಹೇಳುತ್ತೇನೆ.