ಪ್ರತಿಕ್ರಿಯೆ: ಹಂದಿ ಬೇಲಿಗೆ ಮನೆಯ ಕರೆಂಟ್ ಬೇಡ

ಕಾಸರಗೋಡಿನ ಎಣ್ಮಕಜೆಯ ಅಣ್ಣ, ಮರಗೆಣಸು, ಬಾಳೆಯನ್ನೆಲ್ಲ ಕಾಡುಹಂದಿ ಅಗೆದು ಹಾಕುತ್ತದೆ, ಬೇಲಿಗೆ ಮನೆಯ ಲೈನಿಂದಲೇ ಕರೆಂಟ್ ಕೊಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ಅದು ಅಪರಾಧ, ಮೇಲಾಗಿ ಬೆಳಗಿನ ಜಾವ ತೋಟಕ್ಕೆ ನೀರು ಬಿಡಲು ಹೋಗುವವರು ನಾವೇ. ನಮ್ಮ ಪಕ್ಕದ ತೋಟದ ಅಂಥ ತಂತಿಯಲ್ಲಿ ಒಮ್ಮೆ ಸಿಕ್ಕಿದ್ದು ಹಂದಿಯಲ್ಲ, ಪುನುಗುಬೆಕ್ಕು. ಬಾಯಲ್ಲಿ ಇಲಿ ಹಾಗೇ ಇತ್ತು. ನನಗೆ ಇನ್ನೂ ಮರೆಯಲಾಗುತ್ತಿಲ್ಲ.

ಸೋಲಾರ್ ಬೇಲಿ ಹಾಕಿಸಿ. ಅದರಲ್ಲಿ ಕರೆಂಟ್ ಬಿಟ್ಟು ಬಿಟ್ಟು ಬರುತ್ತದೆ, ಶಾಕ್ ಹೊಡೆದು ಓಡಿಸುತ್ತದೆ, ಕೊಲ್ಲುವುದಿಲ್ಲ. ಹಂದಿ ಮೂತಿ ತಗ್ಗಿಸಿ ಬರುವುದರಿಂದ ಮೊಣಕಾಲಿಗಿಂತ ಕೆಳಗೇ ಎರಡು ಎಳೆ ಇರಲಿ. ಮಳೆಗಾಲದಲ್ಲಿ ಹುಲ್ಲು ತಂತಿಗೆ ತಾಗಿದರೆ ಕರೆಂಟ್ ಮಣ್ಣಿಗಿಳಿದು ಬೇಲಿ ಸತ್ತ ಹಾಗೆ. ವಾರಕ್ಕೊಮ್ಮೆ ಕತ್ತಿ ಹಿಡಿಯಲೇಬೇಕು.

ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆಯಲ್ಲಿ ಹಬ್ಬುವ ಕಮ್ಯುನಿಸ್ಟ್ ಗಿಡ ಎಂಬ ಕಳೆಯ ಪೊದೆಯಲ್ಲೇ ಹಂದಿಗಳು ಹಗಲು ಮಲಗುವುದು, ಅದನ್ನು ಸವರಿ. ತೋಡಿನ (ಸಣ್ಣ ಹಳ್ಳದ) ಬದಿಯ ಮರಗಳನ್ನು ಮಾತ್ರ ಮುಟ್ಟಬೇಡಿ, ಗುಡ್ಡೆಗೆ ಬೆಂಕಿಯೂ ಬೇಡ.

ಇಷ್ಟಾಗಿಯೂ ನಿಲ್ಲದಿದ್ದರೆ ಪಂಚಾಯತಿಗೆ ಅರ್ಜಿ ಕೊಡಿ. 2022ರಲ್ಲಿ ಕೇರಳ ಸರಕಾರ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಿಸಲು ಆದೇಶಿಸುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿದೆ. ವಿಷಕ್ಕೆ, ತೋಟೆಗೆ (ಸಿಡಿಮದ್ದಿಗೆ) ಅದರಲ್ಲೂ ಅನುಮತಿಯಿಲ್ಲ. ಹಾಳಾದ ಬಾಳೆಯ ಫೋಟೋ ಇವತ್ತೇ ತೆಗೆದಿಡಿ.