ಓರೆಕೋರೆ ಹಲ್ಲು, ಉಬ್ಬುಹಲ್ಲು: ವಾಚಕರ ಪ್ರಶ್ನೆಗಳಿಗೆ ದಂತವೈದ್ಯರ ಉತ್ತರ

ಪ್ರಶ್ನೆ: ಮಗಳಿಗೆ 8 ವರ್ಷ. ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಸಂದು ಬಿದ್ದಿದೆ, ಪಕ್ಕದ ಹಲ್ಲುಗಳು ಹೊರಕ್ಕೆ ವಾಲಿವೆ. ಈಗಲೇ ಕ್ಲಿಪ್ ಹಾಕಿಸಬೇಕೇ? ಕೆಳಗಿನ ಒಂದು ಹಾಲುದವಡೆ ಹುಳುಕಾಗಿದೆ; ಹೇಗೂ ಬೀಳುವ ಹಲ್ಲು, ಕೀಳಿಸಿಬಿಡಿ ಎನ್ನುತ್ತಾರೆ ನಮ್ಮ ಅತ್ತೆ.
– ಒಬ್ಬ ತಾಯಿ, ಶಿರಸಿ

ಉತ್ತರ: ಸಂದಿನ ವಿಷಯದಲ್ಲಿ ಸದ್ಯಕ್ಕೆ ಗಾಬರಿ ಬೇಡ. ಈ ವಯಸ್ಸಿನಲ್ಲಿ ಇನ್ನೂ ಹುಟ್ಟದ ಕೋರೆಹಲ್ಲುಗಳು ದವಡೆಯ ಮೂಳೆಯೊಳಗಿನಿಂದ ಪಕ್ಕದ ಹಲ್ಲುಗಳ ಬೇರನ್ನು ಒತ್ತುತ್ತಿರುವುದರಿಂದ ಮುಂದಿನ ಹಲ್ಲುಗಳು ಬೀಸಣಿಗೆಯಂತೆ ಹರಡಿಕೊಳ್ಳುತ್ತವೆ. 11–12ನೇ ವಯಸ್ಸಿನಲ್ಲಿ ಕೋರೆಹಲ್ಲುಗಳು ಕೆಳಗಿಳಿದಾಗ ಸುಮಾರು 2 ಮಿಲಿಮೀಟರಿನವರೆಗಿನ ಸಂದು ಸಾಮಾನ್ಯವಾಗಿ ತಾನಾಗಿಯೇ ಮುಚ್ಚುತ್ತದೆ. ಸಂದು ಅದಕ್ಕಿಂತ ದೊಡ್ಡದಿದ್ದರೆ, ಇಲ್ಲವೇ ಮೇಲ್ದುಟಿಯನ್ನು ವಸಡಿಗೆ ಜೋಡಿಸುವ ಪಟ್ಟಿ ದಪ್ಪವಾಗಿ ಎರಡು ಹಲ್ಲುಗಳ ನಡುವೆ ಇಳಿದಿದ್ದರೆ, ಒಮ್ಮೆ ವಕ್ರದಂತ ತಜ್ಞರಿಗೆ ತೋರಿಸಿ.

ನನಗೆ ಚಿಂತೆಯಿರುವುದು ಆ ಹುಳುಕು ದವಡೆಯ ಬಗ್ಗೆ. ಹಿಂದಿನ ಹಾಲುದವಡೆ ತಾನಾಗಿ ಬೀಳುವುದು ಸುಮಾರು 10ರಿಂದ 12ನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅದು ಅಗಿಯುವುದರ ಜೊತೆಗೆ ಕೆಳಗಿರುವ ಶಾಶ್ವತ ಹಲ್ಲಿಗೆ ಜಾಗವನ್ನೂ ಕಾಯುತ್ತದೆ. ಅದನ್ನು ಈಗಲೇ ಕಿತ್ತರೆ, 6ನೇ ವಯಸ್ಸಿನಲ್ಲಿ ಅದರ ಹಿಂದೆ ಹುಟ್ಟಿದ ಶಾಶ್ವತ ದವಡೆಹಲ್ಲು ನಿಧಾನವಾಗಿ ಮುಂದಕ್ಕೆ ಸರಿದು ಆ ಜಾಗವನ್ನು ಆಕ್ರಮಿಸುತ್ತದೆ; ಕೆಳಗಿನ ಹಲ್ಲು ದಾರಿ ಕಾಣದೆ ಒಳಗೇ ಉಳಿಯುತ್ತದೆ ಅಥವಾ ಓರೆಯಾಗಿ ಹುಟ್ಟುತ್ತದೆ. ಮುಂದೆ ಕ್ಲಿಪ್ಪಿಗೆ ಬರುವ ಎಷ್ಟೋ ಮಕ್ಕಳ ತೊಂದರೆ ಶುರುವಾಗುವುದು ಇಲ್ಲಿಂದಲೇ. ಆದ್ದರಿಂದ ಸಾಧ್ಯವಿದ್ದಷ್ಟು ಮಟ್ಟಿಗೆ ಹುಳುಕು ತೆಗೆಸಿ ತುಂಬಿಸಿ. ಹುಳುಕು ನರ ಮುಟ್ಟಿದ್ದರೆ ಹಾಲುಹಲ್ಲಿಗೂ ಬೇರುನಾಳದ ಚಿಕಿತ್ಸೆ ಮಾಡಿ ಟೊಪ್ಪಿಗೆ ಹಾಕಬಹುದು. ಕೀಳಲೇಬೇಕಾಗಿ ಬಂದರೆ, ಆ ಜಾಗ ಮುಚ್ಚದಂತೆ ತಡೆಯುವ ಚಿಕ್ಕ ತಂತಿಯ ಸಾಧನವನ್ನು ಕೂಡಲೇ ಕೂರಿಸಿಕೊಡುವಂತೆ ಕೇಳಿ. ಹಿರಿಯರ ಮಾತನ್ನು ಮೀರುವುದು ಮನೆಯಲ್ಲಿ ಸುಲಭವಲ್ಲವೆಂದು ಬಲ್ಲೆ. ಅತ್ತೆಯವರನ್ನೂ ಜೊತೆಗೆ ಕರೆದೊಯ್ದು ಎಕ್ಸ್‌ರೇಯಲ್ಲಿ ಕೆಳಗಿನ ಹಲ್ಲನ್ನು ತೋರಿಸಿದರೆ ಅವರೇ ಒಪ್ಪುವರು.

ಪ್ರಶ್ನೆ: ಮಗ 8ನೇ ತರಗತಿ, 13 ವರ್ಷ. ಮೇಲಿನ ಹಲ್ಲುಗಳು ಉಬ್ಬಿ ತುಟಿ ಮುಚ್ಚುವುದಿಲ್ಲ. ಹಲ್ಲು ಕಿತ್ತು ಕ್ಲಿಪ್ ಹಾಕಬೇಕಾಗಬಹುದೆಂದು ವೈದ್ಯರು ಹೇಳಿದ್ದಾರೆ. ಮೇಲಿನ ಹಲ್ಲು ಕಿತ್ತರೆ ಕಣ್ಣಿಗೆ ಪೆಟ್ಟಲ್ಲವೇ? ಪ್ರತಿ ತಿಂಗಳು ಘಟ್ಟ ಹತ್ತಿ ಹೋಗುವುದೂ ಕಷ್ಟ.
– ಒಬ್ಬ ತಂದೆ, ಅಂಕೋಲಾ

ಉತ್ತರ: ಕಣ್ಣಿಗೆ ಏನೂ ಆಗುವುದಿಲ್ಲ. ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ. ಈ ಭಯವನ್ನು ಮನಸ್ಸಿನಿಂದ ಪೂರ್ತಿ ತೆಗೆದುಹಾಕಿ.

ಕೀಳಬೇಕೇ ಎಂಬುದು ಉಬ್ಬಿನ ಕಾರಣವನ್ನು ಅವಲಂಬಿಸಿದೆ. ಮೇಲಿನ ಹಲ್ಲುಗಳೇ ಮುಂದಕ್ಕೆ ವಾಲಿದ್ದು, ಹಿಂದಕ್ಕೆ ತರಲು ಸ್ಥಳವಿಲ್ಲದಿದ್ದರೆ, ಕೋರೆಹಲ್ಲಿನ ಹಿಂದಿರುವ ಚಿಕ್ಕ ದವಡೆಹಲ್ಲನ್ನು ಎರಡೂ ಬದಿಯಲ್ಲಿ ತೆಗೆಯುತ್ತಾರೆ. ಒಂದೊಂದರಿಂದ ಸುಮಾರು 7 ಮಿಲಿಮೀಟರ್ ಜಾಗ ಸಿಗುತ್ತದೆ. ಆದರೆ ಮೇಲಿನ ಹಲ್ಲುಗಳು ಸರಿಯಿದ್ದು ಕೆಳದವಡೆಯೇ ಹಿಂದೆ ಉಳಿದಿದ್ದರೆ ಲೆಕ್ಕ ಬೇರೆ. ಹುಡುಗರು ಎತ್ತರಕ್ಕೆ ಬೆಳೆಯುವ ಈ ವಯಸ್ಸಿನಲ್ಲಿ, ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಟ್ವಿನ್ ಬ್ಲಾಕ್‌ನಂಥ ಸಾಧನವನ್ನು ಹಗಲೂ ರಾತ್ರಿಯೂ ಧರಿಸಿದರೆ, ಒಂದು ವರ್ಷದೊಳಗೆ ಗಣನೀಯ ಸುಧಾರಣೆ ಕಾಣಬಹುದು. ಬೆಳವಣಿಗೆ ನಿಂತ ಮೇಲೆ ಈ ದಾರಿ ಮುಚ್ಚುತ್ತದೆ; ಆಗ ಉಳಿಯುವುದು ಹಲ್ಲು ಕೀಳುವುದು, ತೀವ್ರವಾಗಿದ್ದರೆ ದವಡೆಯ ಶಸ್ತ್ರಚಿಕಿತ್ಸೆ. ಆದ್ದರಿಂದ ಮುಂದಿನ ವರ್ಷಕ್ಕೆ ದೂಡದೆ, ಮುಖದ ಪಕ್ಕದಿಂದ ತೆಗೆಯುವ ಎಕ್ಸ್‌ರೇ ಮಾಡಿಸಿ, ದೋಷ ಹಲ್ಲಿನದೋ ದವಡೆಯದೋ ಎಂದು ನೇರವಾಗಿ ಕೇಳಿ.

ಕ್ಲಿಪ್ಪಿನ ಚಿಕಿತ್ಸೆ ಬಹುಮಟ್ಟಿಗೆ ಒಂದೂವರೆಯಿಂದ ಎರಡು ವರ್ಷ ನಡೆಯುತ್ತದೆ. ತಂತಿ ಒತ್ತಿದ ಕಡೆ ಮೂಳೆ ಕರಗಿ, ಬಿಟ್ಟ ಕಡೆ ಹೊಸ ಮೂಳೆ ತುಂಬುತ್ತಾ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. ಅವಸರಿಸಿದರೆ ಬೇರಿಗೆ ಹಾನಿ. 4ರಿಂದ 6 ವಾರಕ್ಕೊಮ್ಮೆ ಹೋಗಬೇಕಾಗುವುದರಿಂದ, ಧಾರವಾಡ ಅಥವಾ ಮಣಿಪಾಲದ ದಂತ ಕಾಲೇಜಿಗೆ ಹೋಗುವುದಾದರೆ ಮಳೆಗಾಲದಲ್ಲಿ ರಸ್ತೆ ಕೆಡುವ ತಿಂಗಳುಗಳನ್ನು ಮೊದಲೇ ತಿಳಿಸಿ ದಿನ ಗೊತ್ತುಮಾಡಿಕೊಳ್ಳಿ. ಕಾರವಾರ, ಕುಮಟಾ ಕಡೆ ತಿಂಗಳಿಗೊಮ್ಮೆ ಬರುವ ತಜ್ಞರಿದ್ದರೆ ಅವರಲ್ಲೇ ಆರಂಭಿಸುವುದು ಜಾಣತನ. ಮನೆಯಲ್ಲಿ ಚಕ್ಕುಲಿ, ಕಬ್ಬು, ಅಂಟುವ ಸುಕೇಳಿ (ಒಣಗಿಸಿದ ಬಾಳೆಹಣ್ಣು) ಬೇಡ. ಮೀನಿನ ಸಾರಿಗೆ ಅಡ್ಡಿಯಿಲ್ಲ, ಮುಳ್ಳು ಬಿಡಿಸಿ ತಿನ್ನಲಿ. ಕ್ಲಿಪ್ಪಿನ ಸುತ್ತ ಉಜ್ಜದಿದ್ದರೆ ಬಿಳಿ ಕಲೆಗಳು ಬಿದ್ದು ಉಳಿದುಬಿಡುತ್ತವೆ.

ಪ್ರಶ್ನೆ: ನನಗೆ 41 ವರ್ಷ, ಕವಳ (ಎಲೆಯಡಿಕೆ) ಹಾಕುವ ಅಭ್ಯಾಸವಿದೆ. ಕೆಳಗಿನ ಹಲ್ಲುಗಳು ಒಂದರ ಮೇಲೊಂದು ಬರುತ್ತಿವೆ. ಈ ವಯಸ್ಸಿನಲ್ಲಿ ಚಿಕಿತ್ಸೆ ಉಂಟೇ?
– ಕಾರವಾರದ ಓದುಗರು

ಉತ್ತರ: ಉಂಟು, ವಯಸ್ಸು ಅಡ್ಡಿಯಲ್ಲ. ವಸಡು ಮತ್ತು ಮೂಳೆ ಗಟ್ಟಿಯಿರಬೇಕು, ಅಷ್ಟೇ. ರಕ್ತ ಬರುವ ವಸಡಿನ ಮೇಲೆ ತಂತಿ ಕಟ್ಟಿದರೆ ಹಲ್ಲು ಸಡಿಲಾಗಿ ಬೀಳಬಹುದು, ಆದ್ದರಿಂದ ಮೊದಲು ಹಲ್ಲಿನ ಗಾರೆ ತೆಗೆಸಿ ವಸಡು ವಾಸಿಮಾಡಿಕೊಳ್ಳಿ. ಕವಳವನ್ನು ಬಿಡಲೇಬೇಕು, ಅಡಿಕೆಯೂ ತಂಬಾಕೂ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತವೆ, ಅದರ ಮುಂದೆ ಹಲ್ಲಿನ ಓರೆ ಚಿಕ್ಕ ಮಾತು. ಕ್ಲಿಪ್ಪಿನ ಬದಲು, ತೆಗೆದು ಮತ್ತೆ ಹಾಕಿಕೊಳ್ಳಬಹುದಾದ ಪಾರದರ್ಶಕ ಅಚ್ಚುಗಳೂ ಇವೆ; ದಿನಕ್ಕೆ 20ರಿಂದ 22 ತಾಸು ಧರಿಸುವ ಶಿಸ್ತಿದ್ದರೆ ಮಾತ್ರ ಆರಿಸಿಕೊಳ್ಳಿ.

ಪ್ರಶ್ನೆ: ಕ್ಲಿಪ್ ತೆಗೆಸಿ ಒಂದು ವರ್ಷವಾಯಿತು. ಹಲ್ಲು ಮತ್ತೆ ಸರಿಯದಂತೆ ರಾತ್ರಿ ಹಾಕಲು ಕೊಟ್ಟ ರಿಟೇನರ್ ಬಿಟ್ಟಿದ್ದೆ, ಈಗ ಮುಂದಿನ ಹಲ್ಲು ಸ್ವಲ್ಪ ತಿರುಗಿದೆ.
– ವಿದ್ಯಾರ್ಥಿನಿ, ಕುಮಟಾ

ಉತ್ತರ: ಹಲ್ಲು ಸರಿದ ಮೇಲೂ ವಸಡಿನ ನಾರುಗಳು ಅದನ್ನು ಹಳೆಯ ಜಾಗಕ್ಕೆ ಎಳೆಯುತ್ತಲೇ ಇರುತ್ತವೆ. ಹಳೆಯ ರಿಟೇನರ್ ಬಿಗಿಯಾಗಿಯಾದರೂ ಪೂರ್ತಿ ಕೂತರೆ ಇಂದಿನಿಂದಲೇ ಪ್ರತಿ ರಾತ್ರಿ ಹಾಕಿಕೊಳ್ಳಿ. ಕೂರದಿದ್ದರೆ ಒತ್ತಿ ಕೂರಿಸಬೇಡಿ, ಬಿಸಿನೀರಿನಲ್ಲಿ ಅದ್ದಿ ಬಗ್ಗಿಸಲೂ ಹೋಗಬೇಡಿ. ಚಿಕಿತ್ಸೆ ಮಾಡಿದ ವೈದ್ಯರಲ್ಲಿಗೆ ಈ ತಿಂಗಳೇ ಹೋಗಿ ಹೊಸ ರಿಟೇನರಿಗಾಗಿ ಹಲ್ಲಿನ ಅಚ್ಚು ಕೊಡಿ. ಅಲ್ಪ ತಿರುವಾದರೆ ಕೆಲವೇ ತಿಂಗಳಲ್ಲಿ ಸರಿಮಾಡಬಹುದು, ಮತ್ತೆ ಪೂರ್ತಿ ಕ್ಲಿಪ್ ಹಾಕಬೇಕಾಗುವುದು ಅಪರೂಪ.